ಓಡಿಹೋದದ್ದು ಹೆಲೆನ್, ತಪ್ಪು ಯಾರದು?

ಹೋಮರನ ಇಲಿಯಡ್‌ನ ಮೂರನೇ ಅಧ್ಯಾಯದಲ್ಲಿ ಒಂದು ಜಗಳ ಬರುತ್ತದೆ. ಕತ್ತಿ, ಈಟಿಯ ಜಗಳ ಅಲ್ಲ, ಅವು ಆ ಕಾವ್ಯದ ತುಂಬಾ ಇವೆ. ಇದು ಬಾಯಿಮಾತಿನ ಜಗಳ, ಒಬ್ಬ ಹೆಂಗಸಿಗೂ ಒಬ್ಬ ದೇವತೆಗೂ.

ಟ್ರಾಯ್ ಕೋಟೆಯ ಹೊರಗೆ ಹೆಲೆನಳ ಹಳೇ ಗಂಡ ಮೆನೆಲಾಸನೂ, ಅವಳನ್ನು ಸ್ಪಾರ್ಟಾದಿಂದ ಕರೆತಂದ ಪ್ಯಾರಿಸನೂ ಎದುರುಬದುರು ನಿಂತು ಕಾದಾಡುತ್ತಿದ್ದಾರೆ. ಗೆದ್ದವನಿಗೆ ಹೆಲೆನ್, ಅಲ್ಲಿಗೆ ಯುದ್ಧ ಮುಗಿಯಿತು ಅಂತ ಮಾತಾಗಿದೆ. ಮೆನೆಲಾಸ್ ಪ್ಯಾರಿಸನ ಶಿರಸ್ತ್ರಾಣ ಹಿಡಿದು ದರದರ ಎಳೆಯುತ್ತಾನೆ, ಅದರ ಪಟ್ಟಿ ಕುತ್ತಿಗೆಗೆ ಬಿಗಿದು ಇನ್ನೇನು ಉಸಿರು ಹೋಗಬೇಕು, ಅಷ್ಟರಲ್ಲಿ ಪ್ರೇಮದೇವತೆ ಅಫ್ರೊಡೈಟಿ ಬಂದು ಪಟ್ಟಿ ಹರಿದು, ಅವನನ್ನು ಮಂಜಿನಲ್ಲಿ ಮುಚ್ಚಿ, ಎತ್ತಿಕೊಂಡು ಹೋಗಿ ಅವನ ಮಲಗುವ ಕೋಣೆಯಲ್ಲಿ ಇಳಿಸಿಬಿಡುತ್ತಾಳೆ. ಆಮೇಲೆ ಉಣ್ಣೆ ಕೆಲಸದ ಮುದುಕಿಯ ವೇಷ ಹಾಕಿಕೊಂಡು ಹೆಲೆನಳ ಸೆರಗು ಜಗ್ಗುತ್ತಾಳೆ. ಬಾ, ಪ್ಯಾರಿಸ್ ಕರೆಯುತ್ತಿದ್ದಾನೆ.

ಹೆಲೆನ್ ಮೋಸ ಹೋಗುವುದಿಲ್ಲ. ಮುದುಕಿಯ ಕೊರಳು, ಎದೆ, ಹೊಳೆಯುವ ಕಣ್ಣು ನೋಡಿ ಯಾರು ಅಂತ ಗೊತ್ತಾಗುತ್ತದೆ. ಸಿಟ್ಟು ನೆತ್ತಿಗೇರುತ್ತದೆ. ಅವಳು ಹೇಳುವುದರ ಸಾರ ಇಷ್ಟು: ನೀನೇ ಹೋಗಿ ಅವನ ಪಕ್ಕ ಕೂತ್ಕೋ. ದೇವರಾಗಿ ಇರುವುದನ್ನು ಬಿಟ್ಟುಬಿಡು, ಒಲಿಂಪಸ್ ಕಡೆ ತಲೆ ಹಾಕಬೇಡ. ಅವನ ಚಾಕರಿ ಮಾಡಿಕೊಂಡಿರು, ಯಾವತ್ತೋ ಒಂದು ದಿನ ಹೆಂಡತಿ ಮಾಡಿಕೊಂಡಾನು, ಇಲ್ಲ ದಾಸಿ ಮಾಡಿಕೊಂಡಾನು. ನಾನಂತೂ ಬರಲ್ಲ.

ದೇವತೆ ಸಮಾಧಾನ ಹೇಳುವುದಿಲ್ಲ, ಹೆದರಿಸುತ್ತಾಳೆ. ನನ್ನನ್ನು ಕೆಣಕಬೇಡ, ಈಗ ಎಷ್ಟು ಪ್ರೀತಿ ಇಟ್ಟಿದ್ದೇನೋ ಅಷ್ಟೇ ದ್ವೇಷ ಮಾಡಬಲ್ಲೆ. ಹೆಲೆನ್ ಹೆದರಿ, ಮುಸುಕು ಹೊದ್ದು, ಯಾರ ಜೊತೆಗೂ ಮಾತಾಡದೆ ಹೊರಡುತ್ತಾಳೆ. ಮುಂದೆ ದೇವತೆ, ಹಿಂದೆ ಅವಳು.

ಗ್ರೀಕ್ ಪುರಾಣದಲ್ಲಿ ಪ್ರೀತಿ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಪ್ರಸಂಗ ಹೇಳುತ್ತೇನೆ. ನಾವು ಪ್ರೀತಿಯ ದೇವತೆ ಅಂದ ಕೂಡಲೇ ಪ್ರೇಮಿಗಳನ್ನು ಕಾಯುವ, ಹರಸುವ ಒಂದು ರೂಪ ಕಲ್ಪಿಸಿಕೊಳ್ಳುತ್ತೇವೆ. ಗ್ರೀಕರ ಅಫ್ರೊಡೈಟಿ ಹಾಗಲ್ಲ. ಅವಳು ಬಂದರೆ ಬಂದಳು. ನಿಮಗೆ ಇಷ್ಟವೋ ಇಲ್ಲವೋ ಅಂತ ಕೇಳುವ ಪದ್ಧತಿ ಇಲ್ಲ.

ಇದು ಅರ್ಥವಾಗಬೇಕಾದರೆ ಅವರಿಗೆ ದೇವರು ಅಂದರೆ ಏನು ಅನ್ನುವುದನ್ನು ಸ್ವಲ್ಪ ನೋಡಬೇಕು. ಕನ್ನಡದವರಿಗೆ ಇದು ಕಷ್ಟ ಆಗಬಾರದು, ಯಾಕೆಂದರೆ ನಮ್ಮ ಭಾಷೆಯಲ್ಲೇ ಅದರ ಸುಳಿವಿದೆ. ನಾವು ಸಿಟ್ಟನ್ನು ಮಾಡುವುದಕ್ಕಿಂತ ಜಾಸ್ತಿ, ಸಿಟ್ಟು ನಮಗೆ ಬರುತ್ತದೆ. ನಿದ್ದೆ ಬರುತ್ತದೆ, ಅಳು ಬರುತ್ತದೆ, ಯಾರ ಮೇಲೋ ಮನಸ್ಸಾಗುತ್ತದೆ, ಹುಚ್ಚು ಹಿಡಿಯುತ್ತದೆ. ಎಲ್ಲವೂ ಹೊರಗಿಂದ ಬಂದು ನಮ್ಮ ಮೇಲೆ ಕೂತ ಹಾಗೆ. ಇನ್ನು ದೇವರು ಮೈಮೇಲೆ ಬರುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ರೀಕರು ಈ ಎರಡನ್ನೂ ಒಂದು ಮಾಡಿದರು. ಮನುಷ್ಯನಿಗಿಂತ ದೊಡ್ಡದಾದ, ಮನುಷ್ಯ ಸತ್ತರೂ ಉಳಿಯುವ, ಅವನ ಮಾತು ಕೇಳದ ಯಾವ ಶಕ್ತಿಯನ್ನು ಕಂಡರೂ ಅದಕ್ಕೆ ದೇವರು ಅಂದುಬಿಡುತ್ತಿದ್ದರು. ಯೂರಿಪಿಡೀಸನ ಒಂದು ನಾಟಕದಲ್ಲಿ ಇದೇ ಹೆಲೆನ್, ಎಷ್ಟೋ ವರ್ಷದ ಮೇಲೆ ನಮ್ಮವರ ಗುರುತು ಸಿಗುವುದೂ ಒಂದು ದೇವರು ಅನ್ನುತ್ತಾಳೆ. ಅದಕ್ಕೆ ಗುಡಿಯಿಲ್ಲ, ಪೂಜೆಯಿಲ್ಲ. ಆದರೂ ಆ ಗಳಿಗೆಗೆ ಅವಳಿಗೆ ಬೇರೆ ಮಾತು ಸಿಗಲಿಲ್ಲ.

ಅಫ್ರೊಡೈಟಿ ವಿಷಯದಲ್ಲಂತೂ ದೇವತೆಗೂ ಕೆಲಸಕ್ಕೂ ಒಂದೇ ಹೆಸರು. ಗಂಡುಹೆಣ್ಣಿನ ಕೂಟಕ್ಕೆ ಗ್ರೀಕ್ ಭಾಷೆಯಲ್ಲಿ ಇದ್ದ ಸಾಮಾನ್ಯ ಪದ ಅಫ್ರೊಡೀಸಿಯ, ಅಂದರೆ ಅಫ್ರೊಡೈಟಿಗೆ ಸೇರಿದ್ದು. ಹಾಗಾಗಿ ಅವಳು ಪ್ರೀತಿಯ ಇಲಾಖೆ ನೋಡಿಕೊಳ್ಳುವ ಅಧಿಕಾರಿ ಅಲ್ಲ, ಪ್ರೀತಿ ಅನ್ನುವ ಬಲವೇ ಅವಳು.

ಅವಳ ಹುಟ್ಟಿನ ಬಗ್ಗೆ 2 ಕತೆಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ. ಹೋಮರನ ಪ್ರಕಾರ ಅವಳು ದೇವರುಗಳ ರಾಜ ಜ್ಯೂಸ್ ಮತ್ತು ಡಯೋನಿ ಅನ್ನುವ ದೇವತೆಯ ಮಗಳು. ಒಂದು ಮನೆತನದ ಹುಡುಗಿ. ಯುದ್ಧದಲ್ಲಿ ತಲೆ ಹಾಕಿ ಕೈಗೆ ಗಾಯ ಮಾಡಿಕೊಂಡು ಅಮ್ಮನ ಮಡಿಲಿಗೆ ಓಡಿಬರುತ್ತಾಳೆ. ಯುದ್ಧ ನಿನ್ನ ಕೆಲಸ ಅಲ್ಲ ಮಗಳೇ ಅಂತ ಅಪ್ಪ ನಗುತ್ತಾ ಬುದ್ಧಿ ಹೇಳುತ್ತಾನೆ. ಕ್ರಿ.ಪೂ. 700ರ ಸುಮಾರಿನ ಹೆಸಿಯಡ್ ಹೇಳುವ ಕತೆ ಬೇರೆಯೇ. ಆಕಾಶದೇವ ಯೂರನಸ್ ತನ್ನ ಮಕ್ಕಳನ್ನು ಭೂಮಿಯ ಹೊಟ್ಟೆಯೊಳಗೇ ಅದುಮಿಟ್ಟಿದ್ದ. ಮಗ ಕ್ರೋನಸ್ ಕುಡುಗೋಲಿನಿಂದ ಅಪ್ಪನ ಜನನಾಂಗ ಕತ್ತರಿಸಿ ಸಮುದ್ರಕ್ಕೆ ಎಸೆದ. ಅದರ ಸುತ್ತ ಎದ್ದ ಬಿಳಿ ನೊರೆಯಲ್ಲಿ ಒಂದು ಹುಡುಗಿ ಬೆಳೆದಳು, ಕಿಥೆರಾ ದ್ವೀಪದ ಹತ್ತಿರ ತೇಲಿ ಕೊನೆಗೆ ಸೈಪ್ರಸ್‌ನಲ್ಲಿ ದಡ ಹತ್ತಿದಳು. ಅಫ್ರೋಸ್ ಅಂದರೆ ನೊರೆ, ಅದಕ್ಕೇ ಆ ಹೆಸರು ಅಂತ ಹೆಸಿಯಡ್ ಹೇಳುತ್ತಾನೆ. ಬಾಟಿಚೆಲ್ಲಿ ಬರೆದ, ಚಿಪ್ಪಿನ ಮೇಲೆ ನಿಂತ ಸುಂದರಿಯ ಚಿತ್ರ ನೋಡಿದವರಿಗೆ ಅವಳ ಹುಟ್ಟಿನ ಹಿಂದೆ ಇಷ್ಟು ರಕ್ತ ಇದೆ ಅಂತ ಹೊಳೆಯುವುದಿಲ್ಲ, ಅಲ್ವಾ? ಈ ಕತೆಯಲ್ಲಿ ಅವಳು ಜ್ಯೂಸ್‌ಗಿಂತ ಹಳಬಳು. ಮಗಳೇ ಅಂತ ಬುದ್ಧಿ ಹೇಳುವ ಹಕ್ಕು ಅವನಿಗಿಲ್ಲ.

ಹೆಸಿಯಡ್ ಇನ್ನೂ ಹಿಂದಕ್ಕೆ ಹೋಗುತ್ತಾನೆ. ಮೊಟ್ಟಮೊದಲು ಕೇಯಾಸ್ ಅನ್ನುವ ಬಾಯ್ದೆರೆದ ಶೂನ್ಯ, ಆಮೇಲೆ ಭೂಮಿ, ಪಾತಾಳದಂಥ ಟಾರ್ಟರಸ್, ಜೊತೆಗೇ ಈರೋಸ್, ಅಂದರೆ ಬಯಕೆ. ಬಯಕೆ ಇಲ್ಲದೆ ಒಂದು ಇನ್ನೊಂದರ ಜೊತೆ ಸೇರುವುದಿಲ್ಲ, ಸೇರದೆ ಏನೂ ಹುಟ್ಟುವುದಿಲ್ಲ, ಆದ್ದರಿಂದ ಸೃಷ್ಟಿ ಶುರುವಾಗುವ ಮೊದಲೇ ಅದು ಇರಬೇಕು. ನಮ್ಮ ಋಗ್ವೇದದ ನಾಸದೀಯ ಸೂಕ್ತದಲ್ಲೂ ಮೊದಲಿಗೆ ಏಳುವುದು ಕಾಮವೇ. ಆದರೆ ಮುಂದಿನ ದಾರಿ ಬೇರೆ. ನಮ್ಮಲ್ಲಿ ಶಿವ ಮನ್ಮಥನನ್ನು ಸುಟ್ಟು ಬೂದಿ ಮಾಡಿದ. ಗ್ರೀಕರ ಜ್ಯೂಸ್‌ಗೆ ಆ ತಾಕತ್ತು ಯಾವ ಕತೆಯಲ್ಲೂ ಬರಲಿಲ್ಲ. ಹೆಸಿಯಡ್‌ನ ಊರು ಬಿಯೋಷಿಯಾ ಸೀಮೆಯ ಆಸ್ಕ್ರಾ. ಅಲ್ಲೇ ಹತ್ತಿರದ ಥೆಸ್ಪಿಯಾದಲ್ಲಿ ಈರೋಸ್‌ಗೆ ತುಂಬಾ ಹಳೆಯ ಪೂಜೆ ಇತ್ತು, ದೇವರು ಅಂದರೆ ಕೆತ್ತನೆಯಿಲ್ಲದ ಒಂದು ಕಲ್ಲು. ತನ್ನ ಸೀಮೆಯ ದೇವರನ್ನು ಕವಿ ಸ್ವಲ್ಪ ಮೇಲೆ ಕೂರಿಸಿದನೋ ಏನೋ.

ಈರೋಸ್ ಏನು ಮಾಡುತ್ತಾನೆ ಅಂತ ಹೇಳಲು ಹೆಸಿಯಡ್ ಬಳಸುವ ಒಂದು ವಿಶೇಷಣ ಇದೆ, ಕೈಕಾಲು ಸಡಿಲಿಸುವವನು. ಕೇಳಲು ಹಿತವಾಗಿದೆ. ಆದರೆ ಇಲಿಯಡ್‌ನಲ್ಲಿ ಈಟಿ ತಿಂದು ಸಾಯುವ ಸೈನಿಕನಿಗೂ ಹೆಚ್ಚುಕಡಿಮೆ ಅದೇ ಮಾತು, ಅವನ ಕೈಕಾಲು ಸಡಿಲವಾದವು ಅಂತ. ಕೇಳುವ ಗ್ರೀಕರ ಕಿವಿಯಲ್ಲಿ ಎರಡೂ ಒಟ್ಟಿಗೆ ಮೊಳಗುತ್ತಿದ್ದಿರಬೇಕು.

ಕವಿಗಳು ಇದನ್ನೇ ಹಿಡಿದುಕೊಂಡರು. ಆನಾಕ್ರಿಯಾನ್ ಅನ್ನುವವನು, ಈರೋಸ್ ಕಮ್ಮಾರನ ಹಾಗೆ ದೊಡ್ಡ ಕೊಡಲಿಯಿಂದ ನನ್ನನ್ನು ಬಡಿದು ಚಳಿಗಾಲದ ಹೊಳೆಯಲ್ಲಿ ಅದ್ದಿದ ಅನ್ನುತ್ತಾನೆ. ಕಾದ ಲೋಹವನ್ನು ಬಡಿದು ನೀರಿಗೆ ಅದ್ದುವುದನ್ನು ನೋಡಿದವರಿಗೆ ಆ ಚುಂಯ್ ಸದ್ದು ಕೇಳಿಸುತ್ತದೆ. ಲೆಸ್ಬಾಸ್ ದ್ವೀಪದ ಸ್ಯಾಫೊ, ಬೆಟ್ಟದ ಓಕ್ ಮರಗಳ ಮೇಲೆ ಬೀಳುವ ಗಾಳಿಯ ಹಾಗೆ ಅವನು ನನ್ನ ಮನಸ್ಸನ್ನು ಅಲ್ಲಾಡಿಸಿದ ಅನ್ನುತ್ತಾಳೆ. ಅವಳದೇ ಒಂದು ಪದ ಬಹಳ ಹೆಸರಾಗಿದೆ, ಗ್ಲುಕುಪಿಕ್ರೋಸ್, ಸಿಹಿಕಹಿ. ಕಹಿಸಿಹಿ ಅಲ್ಲ ನೋಡಿ, ಸಿಹಿ ಮೊದಲು.

ಸ್ಯಾಫೊ ಬರೆದದ್ದರಲ್ಲಿ ಪೂರ್ತಿಯಾಗಿ ಉಳಿದ ಕವಿತೆ ಅಂದರೆ ಅಫ್ರೊಡೈಟಿಗೆ ಮಾಡಿದ ಒಂದು ಪ್ರಾರ್ಥನೆ. ಗುಬ್ಬಿಗಳು ಎಳೆಯುವ ರಥದಲ್ಲಿ ದೇವತೆ ಇಳಿದು ಬಂದು, ಮತ್ತೆ ಏನಾಯಿತು, ಈ ಸಲ ಯಾರನ್ನು ಒಲಿಸಿಕೊಡಬೇಕು, ಯಾರು ನಿನಗೆ ಅನ್ಯಾಯ ಮಾಡಿದ್ದು ಸ್ಯಾಫೊ ಅಂತ ಕೇಳುತ್ತಾಳೆ. ಆ 'ಮತ್ತೆ' ಅನ್ನುವುದರಲ್ಲಿ ನಗುವಿದೆ, ಇದು ಎಷ್ಟನೇ ಸಲವೋ ಅನ್ನುವ ಹಾಗೆ. ಈಗ ಓಡಿಹೋಗುವವಳು ಬೇಗನೇ ಬೆನ್ನಟ್ಟಿ ಬರುತ್ತಾಳೆ, ಇಷ್ಟವಿಲ್ಲದಿದ್ದರೂ ಪ್ರೀತಿಸುತ್ತಾಳೆ ಅಂತ ಮಾತು ಕೊಡುತ್ತಾಳೆ. ನಾನು ಮೊದಲ ಸಲ ಓದಿದಾಗ ಎಷ್ಟು ಚೆಂದ ಅನ್ನಿಸಿತ್ತು. 'ಇಷ್ಟವಿಲ್ಲದಿದ್ದರೂ' ಅನ್ನುವುದು ಕಣ್ಣಿಗೆ ಬಿದ್ದದ್ದು ಆಮೇಲೆ. ಕೋಟೆಯ ಮೇಲೆ ಹೆಲೆನಳ ಸೆರಗು ಜಗ್ಗಿದವಳೇ ಇವಳು. ಸ್ಯಾಫೊಳ ಪಾಲಿಗೆ ಬಂಧು, ಆ ಇನ್ನೊಬ್ಬ ಹುಡುಗಿಯ ಪಾಲಿಗೆ?

ಇಲ್ಲಿ ಎರಡು ತಪ್ಪು ತಿಳಿವಳಿಕೆ ದಾಟಿಕೊಂಡು ಮುಂದೆ ಹೋಗೋಣ. ಒಂದು, ಬಿಲ್ಲು ಬಾಣ ಹಿಡಿದ ಗುಂಡುಗುಂಡಾದ ಮಗು. ಹಳೆಯ ಗ್ರೀಕ್ ಹೂಜಿಗಳ ಮೇಲಿನ ಈರೋಸ್ ರೆಕ್ಕೆಯಿರುವ ಎಳೆಯ ಯುವಕ. ಅವನು ತುಂಟ ಮಗುವಾಗಿದ್ದು ಅಲೆಕ್ಸಾಂಡರನ ನಂತರದ ಕಾಲದಲ್ಲಿ, ಆಮೇಲೆ ರೋಮನರು ಅದನ್ನೇ ಮುಂದುವರಿಸಿದರು. ಇನ್ನೊಂದು, ವಾಟ್ಸಾಪ್‌ನಲ್ಲಿ ಆಗಾಗ ಸುತ್ತುವ ಪಟ್ಟಿ, ಗ್ರೀಕರಲ್ಲಿ ಪ್ರೀತಿಗೆ 7 ಪದಗಳಿದ್ದವು ಅಂತ. ಅದರಲ್ಲಿ ಬರುವ ಲೂಡಸ್ ಗ್ರೀಕ್ ಪದವೇ ಅಲ್ಲ, ಲ್ಯಾಟಿನ್! ಆಟ ಅಂತ ಅರ್ಥ. ಅದನ್ನೂ ಪ್ರಾಗ್ಮವನ್ನೂ ಪ್ರೀತಿಯ ಬಗೆಗಳು ಅಂತ ಸೇರಿಸಿದ್ದು ಜಾನ್ ಆಲನ್ ಲೀ ಅನ್ನುವ ಸಮಾಜಶಾಸ್ತ್ರಜ್ಞ, 1973ರಲ್ಲಿ. ಈರೋಸ್, ಫಿಲಿಯ ಅಂದರೆ ಸ್ನೇಹ, ಸ್ಟೋರ್ಗಿ ಅಂದರೆ ಮನೆಯವರ ಅಕ್ಕರೆ, ಇವು ಹಳೆಯ ಪದಗಳು ನಿಜ. ಅಗಾಪೆ ಅನ್ನುವ ನಾಮಪದ ಹಳೆಯ ಗ್ರೀಕ್‌ನಲ್ಲಿ ಅಪರೂಪ, ಅದಕ್ಕೆ ತೂಕ ಬಂದದ್ದು ಬೈಬಲ್‌ನಿಂದ. ಡಬ್ಬಿಗಳಲ್ಲಿ ತುಂಬಿಟ್ಟ ಹಾಗೆ ಗ್ರೀಕರು ಪ್ರೀತಿಯನ್ನು ವಿಂಗಡಿಸಿಟ್ಟುಕೊಂಡಿರಲಿಲ್ಲ. ಈರೋಸ್ ಮತ್ತು ಫಿಲಿಯ ಒಂದರೊಳಗೊಂದು ಸದಾ ಕಲಸಿಹೋಗುತ್ತಿದ್ದವು.

ಇನ್ನು ಜ್ಯೂಸ್. ಗ್ರೀಕ್ ಪುರಾಣ ಅಂದರೆ ಜನಕ್ಕೆ ನೆನಪಾಗುವುದೇ ಅವನ ಲೀಲೆಗಳು. ಗೂಳಿಯಾಗಿ ಯುರೋಪಾಳನ್ನು ಹೊತ್ತೊಯ್ದ, ಹಂಸವಾಗಿ ಲೀಡಾಳ ಬಳಿ ಹೋದ, ಬಂಗಾರದ ಮಳೆಯಾಗಿ ಡಾನೆಯ ಸೆರೆಮನೆಯೊಳಗೆ ಸುರಿದ. ದೇವರುಗಳ ರಾಜನಿಗೆ ಇಷ್ಟು ಚಪಲ ಯಾಕೆ? ಒಂದು ಉತ್ತರ ಬಹಳ ಸಪ್ಪೆಯಾದದ್ದು, ಆದರೆ ಸರಿಯಾದದ್ದು. ಪ್ರತಿ ಊರಿಗೂ ಪ್ರತಿ ರಾಜವಂಶಕ್ಕೂ ತಮ್ಮ ಮೂಲಪುರುಷ ಜ್ಯೂಸನ ಮಗ ಅಂತ ಹೇಳಿಕೊಳ್ಳಬೇಕಿತ್ತು. ಮ್ಯಾಸಿಡೋನಿಯಾದ ರಾಜರು ಹೆರಾಕ್ಲೀಸನ ವಂಶ, ಹೆರಾಕ್ಲೀಸ್ ಜ್ಯೂಸನ ಮಗ, ಹೀಗೆ. ಊರೂರಿನ ಸ್ಥಳಪುರಾಣಗಳನ್ನೆಲ್ಲ ಒಟ್ಟು ಸೇರಿಸಿದ ಮೇಲೆ ಅವನು ಲಂಪಟನಾಗಿ ಕಂಡ. ಹೋಮರನಿಗೇ ಇದು ತಮಾಷೆ ಅನ್ನಿಸಿತ್ತು. ಇಲಿಯಡ್‌ನ 14ನೇ ಅಧ್ಯಾಯದಲ್ಲಿ ಹೀರಾ ಗಂಡನ ಗಮನ ಯುದ್ಧದಿಂದ ತಪ್ಪಿಸಬೇಕು ಅಂತ ಅಫ್ರೊಡೈಟಿಯ ಹತ್ತಿರ ಅವಳ ಮಾಯಾಪಟ್ಟಿಯನ್ನು ಕಡ ಕೇಳಿ ತರುತ್ತಾಳೆ. ಕಸೂತಿ ಹಾಕಿದ ಆ ಪಟ್ಟಿಯಲ್ಲಿ ಮೋಹ, ಬಯಕೆ, ಪಿಸುಮಾತು, ಜಾಣರ ಬುದ್ಧಿಯನ್ನೂ ಕದಿಯುವ ಸವಿಮಾತು ಎಲ್ಲ ಇವೆ. ಜ್ಯೂಸ್ ಅವಳನ್ನು ನೋಡಿ ಕರಗಿಹೋಗುತ್ತಾನೆ. ಕರಗಿ ಏನು ಹೇಳುತ್ತಾನೆ? ಯಾರ ಮೇಲೂ ನನಗೆ ಇಷ್ಟು ಆಸೆ ಆಗಿರಲಿಲ್ಲ ಅಂತ ಶುರುಮಾಡಿ, ಡಾನೆ, ಯುರೋಪಾ, ಸೆಮೆಲೆ ಅಂತ ತನ್ನ ಹಳೆಯ 7 ಪ್ರಕರಣಗಳನ್ನು ಹೆಂಡತಿಗೇ ಪಟ್ಟಿ ಮಾಡಿ ಹೇಳುತ್ತಾನೆ! ಅವನೂ ಅಫ್ರೊಡೈಟಿ ಹಿಡಿದ ಮನುಷ್ಯರ ಹಾಗೇ, ಆ ಹೊತ್ತಿಗೆ ಪೂರಾ ಪೆದ್ದ.

ತಮಾಷೆ ಅಲ್ಲದ್ದೂ ಇದೆ. ಈ ಕತೆಗಳಲ್ಲಿ ಹೆಚ್ಚಿನವು ಇವತ್ತಿನ ಮಾತಿನಲ್ಲಿ ಅಪಹರಣ, ಬಲಾತ್ಕಾರ. ಪಾತಾಳದ ದೇವರು ಹೇಡಿಸ್ ಮತ್ತು ಅವನು ಹೊತ್ತೊಯ್ದ ಪರ್ಸಿಫೋನಿಯನ್ನು ಈಗ ಇಂಟರ್ನೆಟ್ಟಿನಲ್ಲಿ ಚೆಂದದ ಜೋಡಿ ಅಂತ ತೋರಿಸುತ್ತಾರೆ. ಅವಳ ತಾಯಿ ಡಿಮೀಟರ್‌ಗೆ ಮೀಸಲಾದ ಹಳೆಯ ಸ್ತುತಿಯಲ್ಲಿ ಹಾಗಿಲ್ಲ. ಹುಡುಗಿ ಹೂ ಕೀಳುತ್ತಿರುತ್ತಾಳೆ, ನೆಲ ಬಾಯಿ ಬಿಡುತ್ತದೆ, ಅಪ್ಪ ಜ್ಯೂಸ್ ಮೊದಲೇ ಒಪ್ಪಿಗೆ ಕೊಟ್ಟಿದ್ದಾನೆ, ಅವಳು ಕಿರುಚುತ್ತಾಳೆ. ಆ ಸ್ತುತಿಯ ಪ್ರೀತಿಯೆಲ್ಲ ಇರುವುದು ಮಗಳನ್ನು ಹುಡುಕಿಕೊಂಡು ಅಲೆಯುವ ತಾಯಿಯಲ್ಲಿ.

ಅಫ್ರೊಡೈಟಿಯ ಕೈಗೆ ಸಿಗದವರು ದೇವತೆಗಳಲ್ಲಿ ಮೂವರೇ, ಅಥೀನಾ, ಆರ್ಟೆಮಿಸ್, ಒಲೆಯ ದೇವತೆ ಹೆಸ್ಟಿಯಾ. ಮಿಕ್ಕವರೆಲ್ಲ ಯಾವತ್ತೋ ಒಮ್ಮೆ ಬಿದ್ದವರೇ. ಕೊನೆಗೆ ಅವಳೂ ಬಿದ್ದಳು. ನಿಮ್ಮನ್ನೆಲ್ಲ ಮನುಷ್ಯರ ಜೊತೆ ಮಲಗಿಸಿದೆ ಅಂತ ಅವಳು ದೇವರುಗಳೆದುರು ಜಂಭ ಕೊಚ್ಚಿಕೊಳ್ಳಬಾರದು ಅಂತ ಜ್ಯೂಸ್ ಅವಳಿಗೇ ಒಬ್ಬ ಮನುಷ್ಯನ ಮೇಲೆ ಆಸೆ ಹುಟ್ಟಿಸಿದ. ಅವನು ಟ್ರಾಯ್ ಸೀಮೆಯ ಇಡಾ ಬೆಟ್ಟದಲ್ಲಿ ದನ ಕಾಯುತ್ತಿದ್ದ ಆಂಕೈಸೀಸ್. ಅವಳು ಮದುವೆಯಾಗದ ಹುಡುಗಿಯ ವೇಷದಲ್ಲಿ ಹೋಗುತ್ತಾಳೆ, ಸುಳ್ಳು ಕತೆ ಕಟ್ಟುತ್ತಾಳೆ, ಅವನು ನಂಬುತ್ತಾನೆ. ಆಮೇಲೆ ಅವನನ್ನು ನಿದ್ದೆಯಿಂದ ಎಬ್ಬಿಸಿ ನಿಜರೂಪ ತೋರಿಸಿದಾಗ ಅವನು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಗೋಗರೆಯುತ್ತಾನೆ. ಅವಳಿಗೋ ನಾಚಿಕೆ. ಹೊಟ್ಟೆಯಲ್ಲಿ ಮಗು ಬೇರೆ, ಮುಂದೆ ಈನಿಯಸ್ ಅಂತ ಹೆಸರಾಗುವವನು.

ಆಗ ಅವಳು ಆಂಕೈಸೀಸ್‌ಗೆ ಟೈಥೋನಸನ ಕತೆ ಹೇಳುತ್ತಾಳೆ. ಈ ಕತೆ ನನಗೆ ಟ್ರಾಯ್ ಯುದ್ಧಕ್ಕಿಂತ ದೊಡ್ಡದು. ಬೆಳಗಿನ ದೇವತೆ ಇಯೋಸ್, ಅಂದರೆ ಉಷೆ, ಟೈಥೋನಸ್ ಅನ್ನುವ ಯುವಕನನ್ನು ಮೆಚ್ಚಿ ಎತ್ತಿಕೊಂಡು ಹೋದಳು. ಅವನಿಗೆ ಸಾವು ಬರಬಾರದು ಅಂತ ಜ್ಯೂಸ್‌ನಲ್ಲಿ ಬೇಡಿದಳು, ಸಿಕ್ಕಿತು. ಮುಪ್ಪು ಬರಬಾರದು ಅಂತ ಕೇಳಲು ಮರೆತಳು. ಮೊದಲ ಬಿಳಿಕೂದಲು ಕಂಡಾಗ ಅವನ ಹಾಸಿಗೆ ಬಿಟ್ಟಳು, ಆದರೂ ಊಟ, ಬಟ್ಟೆ ಕೊಟ್ಟು ನೋಡಿಕೊಂಡಳು. ಕೈಕಾಲು ಎತ್ತಲಾಗದ ಸ್ಥಿತಿ ಬಂದಾಗ ಕೋಣೆಯೊಳಗೆ ಮಲಗಿಸಿ ಬಾಗಿಲು ಹಾಕಿದಳು. ಒಳಗಿಂದ ಅವನ ದನಿ ಮಾತ್ರ ನಿಲ್ಲದೆ ಹರಿದುಬರುತ್ತಿದೆ. ಅವನು ಜೀರುಂಡೆಯಾದ ಅಂತ ಆಮೇಲಿನವರು ಸೇರಿಸಿದರು. ಆಂಕೈಸೀಸ್, ನೀನು ಹೀಗೆ ಆಗುವುದು ನನಗೆ ಬೇಡ ಅನ್ನುತ್ತಾಳೆ ಅಫ್ರೊಡೈಟಿ. ಅಂದರೆ ನೀನು ಮುದುಕನಾಗು, ಸಾಯಿ. ನಾನು ಹೊರಟೆ.

ಸಾವಿಲ್ಲದವರಿಗೆ ಪ್ರೀತಿಯಲ್ಲಿ ಕಳೆದುಕೊಳ್ಳಲು ಏನೂ ಇಲ್ಲ, ಒಬ್ಬ ಮನುಷ್ಯನನ್ನು ಮೆಚ್ಚಿಕೊಳ್ಳುವವರೆಗೆ. ಮೆಚ್ಚಿಕೊಂಡರೆ ಅವರಿಗೂ ಮನುಷ್ಯರ ನೋವು ತಗಲುತ್ತದೆ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಕ್ಯಾಲಿಪ್ಸೊ ಅನ್ನುವ ದೇವತೆ ಗಂಡು ದೇವರುಗಳನ್ನು ಬೈದು ಇದನ್ನೇ ಹೇಳುತ್ತಾಳೆ. ನಾವು ಹೆಣ್ಣು ದೇವತೆಗಳು ಮನುಷ್ಯನೊಬ್ಬನನ್ನು ಇಟ್ಟುಕೊಂಡರೆ ನಿಮಗೆ ಹೊಟ್ಟೆಯುರಿ, ಸಾಯಿಸಿಬಿಡುತ್ತೀರಿ, ನೀವು ಮಾಡಬಹುದು, ನಾವು ಮಾಡಬಾರದು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಿಲ್ಲ. ಟ್ರಾಯ್ ಯುದ್ಧ ಮುಗಿಸಿ ಮನೆಗೆ ಹೊರಟಿದ್ದ ಒಡಿಸ್ಯೂಸನನ್ನು 7 ವರ್ಷ ಹಿಡಿದಿಟ್ಟವಳು ಅವಳೇ ಅನ್ನುವುದು ಬೇರೆ ಮಾತು.

ಈಗ ಅಥೆನ್ಸ್‌ಗೆ ಬರೋಣ, ಕ್ರಿ.ಪೂ. 5ನೇ ಶತಮಾನ. ಲಂಕೇಶರು ಕನ್ನಡಕ್ಕೆ ತಂದ ಅಂತಿಗೊನೆ ನಾಟಕ ಗೊತ್ತಿರಬಹುದು. ಸೊಫೊಕ್ಲೀಸನ ಮೂಲದಲ್ಲಿ ಮೇಳದವರು ಈರೋಸ್‌ನನ್ನು ಯುದ್ಧದಲ್ಲಿ ಸೋಲಿಲ್ಲದವನೇ ಅಂತ ಕರೆದು, ನ್ಯಾಯವಂತರ ಮನಸ್ಸನ್ನೂ ನೀನು ಅನ್ಯಾಯದ ಕಡೆ ಎಳೆಯುತ್ತೀಯ ಅನ್ನುತ್ತಾರೆ. ಯೂರಿಪಿಡೀಸ್ ಇದನ್ನೇ ಒಂದು ಇಡೀ ನಾಟಕ ಮಾಡಿದ, ಹಿಪ್ಪೊಲಿಟಸ್, ಕ್ರಿ.ಪೂ. 428. ಅಥೆನ್ಸ್‌ನ ರಾಜ ಥೀಸಿಯಸನ ಮಗ ಹಿಪ್ಪೊಲಿಟಸ್ ಬೇಟೆಯ ದೇವತೆ ಆರ್ಟೆಮಿಸ್‌ಳನ್ನು ಬಿಟ್ಟು ಬೇರೆಯವರಿಗೆ ಕೈಮುಗಿಯುವುದಿಲ್ಲ. ಅಫ್ರೊಡೈಟಿ ಅಂದರೆ ಹೇಸಿಗೆ ಅನ್ನುತ್ತಾನೆ. ನಾಟಕ ಶುರುವಾಗುವುದೇ ಅವಳು ರಂಗದ ಮೇಲೆ ನಿಂತು ತನ್ನ ಸೇಡಿನ ಯೋಜನೆ ಹೇಳುವುದರಿಂದ. ಅವನ ಮಲತಾಯಿ ಫೀಡ್ರಾಗೆ ಅವನ ಮೇಲೆ ಮೋಹ ಹುಟ್ಟಿಸಿದ್ದೇನೆ. ಅವಳು ಒಳ್ಳೆಯವಳು, ಆದರೂ ಸಾಯುತ್ತಾಳೆ, ಅದಕ್ಕೇನೂ ಮಾಡಲಾಗದು.

ಫೀಡ್ರಾ ಬಾಯಿ ಬಿಡುವುದಿಲ್ಲ. ಊಟ ಬಿಟ್ಟು ಸಾಯಲು ಮಲಗಿದ್ದಾಳೆ. ಅವಳನ್ನು ಸಾಕಿದ ದಾದಿ ಗುಟ್ಟು ಹೊರಗೆಳೆದು ಒಂದು ವಾದ ಹೂಡುತ್ತಾಳೆ. ಜ್ಯೂಸ್ ಕೂಡ ಇದಕ್ಕೆ ಸೋತಿದ್ದಾನೆ ತಾಯಿ, ದೇವರಿಗಿಂತ ಗಟ್ಟಿಯಾಗಿರುತ್ತೇನೆ ಅನ್ನುವುದು ಅಹಂಕಾರ, ಸುಮ್ನೆ ಒಪ್ಪಿಕೋ. ಎಂಥ ಚಾಲಾಕಿ ವಾದ ನೋಡಿ! ತಡೆದುಕೊಳ್ಳುವುದೇ ಪಾಪ ಆಯಿತು. ದಾದಿ ಹೋಗಿ ಹಿಪ್ಪೊಲಿಟಸನಿಗೆ ಹೇಳುತ್ತಾಳೆ, ಅವನು ಕೆರಳುತ್ತಾನೆ, ಫೀಡ್ರಾ ಅವನ ಮೇಲೆ ಸುಳ್ಳು ಆರೋಪ ಬರೆದಿಟ್ಟು ನೇಣು ಹಾಕಿಕೊಳ್ಳುತ್ತಾಳೆ, ಅಪ್ಪ ಶಾಪ ಹಾಕುತ್ತಾನೆ, ಸಮುದ್ರದಿಂದ ಗೂಳಿ ಎದ್ದು ಕುದುರೆಗಳು ಬೆದರಿ ಹುಡುಗನನ್ನು ಬಂಡೆಗಳ ಮೇಲೆ ಎಳೆದಾಡುತ್ತವೆ. ಕೊನೆಗೆ ಆರ್ಟೆಮಿಸ್ ಬರುತ್ತಾಳೆ. ಮೊದಲೇ ಯಾಕೆ ಬರಲಿಲ್ಲ? ಒಬ್ಬ ದೇವರ ಇಚ್ಛೆಗೆ ಇನ್ನೊಬ್ಬರು ಅಡ್ಡ ಬರಬಾರದು ಅನ್ನುವುದು ನಮ್ಮ ಕಟ್ಟಳೆ ಅನ್ನುತ್ತಾಳೆ. ಇದಕ್ಕೆ ಬದಲಾಗಿ ಅಫ್ರೊಡೈಟಿಯ ಮೆಚ್ಚಿನವನೊಬ್ಬನನ್ನು ನಾನೂ ಕೊಲ್ಲುತ್ತೇನೆ ಅಂತ ಸಮಾಧಾನ ಹೇಳುತ್ತಾಳೆ. ಸಾವನ್ನು ನೋಡುವುದು ದೇವರಿಗೆ ಮೈಲಿಗೆ ಅಂತ ಅವನ ಕೊನೆಯುಸಿರಿಗೆ ಮೊದಲೇ ಹೊರಟೂ ಹೋಗುತ್ತಾಳೆ. ಉಳಿದವರು ಅಪ್ಪ, ಮಗ ಇಬ್ಬರೇ. ಮಗ ಅಪ್ಪನನ್ನು ಕ್ಷಮಿಸುತ್ತಾನೆ. ಇಡೀ ನಾಟಕದಲ್ಲಿ ದೇವರುಗಳ ಕೈಲಿ ಆಗದ ಕೆಲಸ ಅದೊಂದೇ.

ದಾದಿಯ ಆ ವಾದ ಅಥೆನ್ಸ್‌ನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಪ್ರೀತಿ ಹೊರಗಿಂದ ಬರುವ ದೇವರು ಅಂದ ಮೇಲೆ ಪ್ರೀತಿಯಲ್ಲಿ ಮಾಡಿದ ತಪ್ಪಿಗೆ ಹೊಣೆ ಯಾರು? ಕೋರ್ಟು ಕಚೇರಿ, ವಾದ ವಿವಾದ ಅಂದರೆ ಪ್ರಾಣ ಬಿಡುತ್ತಿದ್ದ ಊರು ಅದು. ಪ್ರಶ್ನೆ ಹಾಕಲು ಹೆಲೆನ್ ಸಿದ್ಧವಾಗಿ ಸಿಕ್ಕಳು. ಗಾರ್ಜಿಯಾಸ್ ಅನ್ನುವ ಭಾಷಣಕಾರ ಅವಳ ಪರವಾಗಿ ಒಂದು ಭಾಷಣ ಬರೆದ. ಈರೋಸ್ ದೇವರಾಗಿದ್ದರೆ ದೇವರ ಬಲದ ಮುಂದೆ ಒಬ್ಬ ಹೆಂಗಸು ಏನು ಮಾಡಿಯಾಳು? ಅದು ದೇವರಲ್ಲ, ಮನಸ್ಸಿನ ರೋಗ ಅಂದರೆ, ರೋಗಿಯನ್ನು ಅಯ್ಯೋ ಅನ್ನಬೇಕೇ ಹೊರತು ಬೈಯಬಾರದು. ಎರಡು ಕಡೆಯೂ ಬಿಡುಗಡೆ. ಕೊನೆಯಲ್ಲಿ ಅವನೇ ಇದು ನನಗೊಂದು ಆಟ ಅಂತ ಹೇಳಿ ಭಾಷಣ ಮುಗಿಸುತ್ತಾನೆ.

ಯೂರಿಪಿಡೀಸ್ ಅದನ್ನು ಆಟ ಅಂದುಕೊಳ್ಳಲಿಲ್ಲ. ಕ್ರಿ.ಪೂ. 415ರ ಅವನ ಟ್ರಾಯ್ ಹೆಂಗಸರ ನಾಟಕದಲ್ಲಿ ಊರು ಸುಟ್ಟುಹೋಗಿದೆ, ಗಂಡಸರು ಸತ್ತಿದ್ದಾರೆ. ಹೆಲೆನ್ ಮೆನೆಲಾಸನ ಮುಂದೆ ನಿಂತು ದೇವತೆಯನ್ನು ಶಿಕ್ಷಿಸು, ನನ್ನನ್ನಲ್ಲ, ಜ್ಯೂಸ್ ಕೂಡ ಅವಳ ಗುಲಾಮ ಅನ್ನುತ್ತಾಳೆ. ಉತ್ತರ ಕೊಡುವವಳು ಪ್ಯಾರಿಸನ ತಾಯಿ, ಮುದಿ ರಾಣಿ ಹೆಕ್ಯುಬಾ. ನನ್ನ ಮಗ ನೋಡಲು ಚೆನ್ನಾಗಿದ್ದ, ಅವನನ್ನು ಕಂಡು ನಿನ್ನ ಮನಸ್ಸೇ ಅಫ್ರೊಡೈಟಿ ಆಯಿತು. ಅಷ್ಟೇ. ಮನುಷ್ಯರು ತಮ್ಮ ಎಲ್ಲ ಮೂರ್ಖತನಕ್ಕೂ ಇಡುವ ಹೆಸರು ಅಫ್ರೊಡೈಟಿ. ಗ್ರೀಕ್‌ನಲ್ಲಿ ಮೂರ್ಖತನಕ್ಕೆ ಅಫ್ರೊಸೂನೆ ಅಂತಾರೆ, ಎರಡು ಹೆಸರೂ ಒಂದೇ ಥರ ಶುರುವಾಗುತ್ತವೆ ನೋಡು ಅಂತ ಚುಚ್ಚುತ್ತಾಳೆ.

ನೊರೆಯಿಂದ ಬಂದ ಹೆಸರು ಮೂರ್ಖತನಕ್ಕೆ ಬಂದು ನಿಂತಿತು. ಹೊರಗಿದ್ದ ದೇವತೆಯನ್ನು ಒಬ್ಬ ಮುದುಕಿ ಹಿಡಿದು ತಲೆಯೊಳಗೆ ಕೂರಿಸಿದಳು. ವಾದದಲ್ಲಿ ಗೆದ್ದವಳು ಹೆಕ್ಯುಬಾ. ಮೆನೆಲಾಸ್ ಹೆಲೆನಳನ್ನು ಊರಿಗೆ ಕರೆದೊಯ್ದು ಕೊಲ್ಲುತ್ತೇನೆ ಅನ್ನುತ್ತಾನೆ. ನಿನ್ನ ಹಡಗಿನಲ್ಲೇ ಅವಳನ್ನು ಹತ್ತಿಸಿಕೊಳ್ಳಬೇಡ ಅನ್ನುತ್ತಾಳೆ ಹೆಕ್ಯುಬಾ. ಮುದುಕಿಗೆ ಗಂಡಸರು ಗೊತ್ತು.

ಪ್ಲೇಟೋನ ಸಿಂಪೋಸಿಯಮ್ ಅನ್ನುವ ಸಂವಾದ ನಡೆಯುವುದು ಇದಕ್ಕೆ ಒಂದು ವರ್ಷ ಮುಂಚೆ, ಕ್ರಿ.ಪೂ. 416ರಲ್ಲಿ, ನಾಟಕಸ್ಪರ್ಧೆ ಗೆದ್ದ ಅಗಥಾನ್‌ನ ಮನೆಯ ಕುಡಿತದ ಕೂಟದಲ್ಲಿ. ಪ್ಲೇಟೋ ಅದನ್ನು ಬರೆದದ್ದು ಹಲವು ದಶಕಗಳ ನಂತರ. ಹಿಂದಿನ ರಾತ್ರಿ ಜಾಸ್ತಿ ಆಗಿದ್ದರಿಂದ ಇವತ್ತು ಕಡಿಮೆ ಕುಡಿದು ಒಬ್ಬೊಬ್ಬರೂ ಈರೋಸ್‌ನನ್ನು ಹೊಗಳೋಣ ಅಂತ ತೀರ್ಮಾನ ಆಗುತ್ತದೆ. ಅಲ್ಲಿ ಮಾತಿಗೆ ಬರುವ ಪ್ರೀತಿ ಬಹುಪಾಲು ಬೆಳೆದ ಗಂಡಸರಿಗೂ ಎಳೆಯ ಹುಡುಗರಿಗೂ ನಡುವಿನದು. ಆ ಊರಿನ ಮೇಲ್ವರ್ಗದಲ್ಲಿ ಅದು ರೂಢಿಯಾಗಿತ್ತು. ನಾವು ಇವತ್ತು ಒಪ್ಪುವಂಥದ್ದಲ್ಲ, ಮುಚ್ಚಿಡಬೇಕಾದದ್ದೂ ಅಲ್ಲ. ಕೊಳಲು ನುಡಿಸುವ ಹುಡುಗಿಯನ್ನು ಮೊದಲೇ ಹೊರಗೆ ಕಳಿಸಿರುತ್ತಾರೆ.

ಆ ರಾತ್ರಿಯ ಭಾಷಣಗಳಲ್ಲಿ ಜನಕ್ಕೆ ಗೊತ್ತಿರುವುದು ಅರಿಸ್ಟೋಫೇನೀಸನದು. ಮೊದಲು ಮನುಷ್ಯರು ಉರುಟಾಗಿದ್ದರು, 4 ಕೈ, 4 ಕಾಲು, 2 ಮುಖ. ಸೊಕ್ಕಿ ದೇವರುಗಳ ಮೇಲೆ ಏರಿಹೋದರು. ಕೊಂದುಬಿಟ್ಟರೆ ಬಲಿ ಕೊಡುವವರು ಯಾರು ಅಂತ ಯೋಚಿಸಿದ ಜ್ಯೂಸ್ ಬೇಯಿಸಿದ ಮೊಟ್ಟೆಯನ್ನು ಕೂದಲಿನಿಂದ ಸೀಳಿದ ಹಾಗೆ ಸೀಳಿದ. ಚರ್ಮ ಎಳೆದು ಗಂಟು ಹಾಕಿದ ಜಾಗ ಹೊಕ್ಕಳು. ಅವತ್ತಿನಿಂದ ಪ್ರತಿಯೊಬ್ಬನೂ ತನ್ನ ಅರ್ಧವನ್ನು ಹುಡುಕುತ್ತಿದ್ದಾನೆ. ಮದುವೆ ಕಾರ್ಡಿಗೆ ಹೇಳಿ ಮಾಡಿಸಿದ ಕತೆ ಇದು, ಆದರೆ ಎರಡು ವಿಷಯ ಬಿಟ್ಟುಹೋಗುತ್ತವೆ. ಸೀಳುವ ಮೊದಲು 3 ಜಾತಿಗಳಿದ್ದವು, ಗಂಡು-ಗಂಡು, ಹೆಣ್ಣು-ಹೆಣ್ಣು, ಗಂಡು-ಹೆಣ್ಣು. ಮತ್ತೆ ಇದನ್ನು ಹೇಳುವವನು ವೃತ್ತಿಯಲ್ಲಿ ಹಾಸ್ಯನಾಟಕಕಾರ. ಇನ್ನೂ ಸೊಕ್ಕಿದರೆ ಮತ್ತೊಮ್ಮೆ ಸೀಳಿ ಒಂಟಿ ಕಾಲಲ್ಲಿ ಕುಪ್ಪಳಿಸುವಂತೆ ಮಾಡುತ್ತೇನೆ ಅಂತ ಜ್ಯೂಸ್ ಅಂದನಂತೆ.

ಸಾಕ್ರಟೀಸ್ ತನ್ನ ಸರದಿ ಬಂದಾಗ ಡಿಯೊಟಿಮಾ ಅನ್ನುವ ಹೆಂಗಸಿನಿಂದ ಕಲಿತದ್ದು ಅಂತ ಹೇಳಿ ಮೊದಲು ಒಂದು ಸಣ್ಣ ಪ್ರಶ್ನೆ ಎತ್ತುತ್ತಾನೆ. ಬಯಕೆ ಯಾವುದರ ಮೇಲೆ ಇರುತ್ತದೆ? ನಮ್ಮಲ್ಲಿ ಇಲ್ಲದ್ದರ ಮೇಲೆ. ಈರೋಸ್ ಸೌಂದರ್ಯವನ್ನು ಬಯಸುತ್ತಾನೆ, ಹಾಗಾದರೆ ಅವನಲ್ಲಿ ಅದಿಲ್ಲ. ದೇವರುಗಳಿಗೆ ಏನೂ ಕೊರತೆಯಿಲ್ಲ. ಹಾಗಾದರೆ ಈರೋಸ್ ದೇವರಲ್ಲ! ಹೆಸಿಯಡ್ ಸೃಷ್ಟಿಯ ಬುಡದಲ್ಲಿ ಇಟ್ಟವನನ್ನು ನಾಲ್ಕು ಪ್ರಶ್ನೆಗಳಲ್ಲಿ ಕೆಳಗಿಳಿಸಿದ್ದಾಯಿತು. ಅವನು ದೇವರಿಗೂ ಮನುಷ್ಯರಿಗೂ ನಡುವೆ ಓಡಾಡುವ ಒಂದು ಡೈಮೋನ್. ಅವನ ಅಮ್ಮ ಪೀನಿಯಾ, ಅಂದರೆ ಬಡತನ, ಅಪ್ಪ ಪೋರೋಸ್, ಅಂದರೆ ಉಪಾಯ. ಅಫ್ರೊಡೈಟಿಯ ಹುಟ್ಟಿದ ಹಬ್ಬದ ಊಟಕ್ಕೆ ಬಾಗಿಲಲ್ಲಿ ಭಿಕ್ಷೆಗೆ ನಿಂತಿದ್ದ ಪೀನಿಯಾ, ಕುಡಿದು ತೋಟದಲ್ಲಿ ಮಲಗಿದ್ದ ಪೋರೋಸನ ಪಕ್ಕ ಹೋಗಿ ಮಲಗಿದಳು. ಹುಟ್ಟಿದ ಮಗ ಸುಂದರನಲ್ಲ, ಒರಟ, ಬರಿಗಾಲು, ಮನೆಯಿಲ್ಲ, ಬೀದಿಯಲ್ಲಿ ನಿದ್ದೆ, ಆದರೆ ಭಾರಿ ಉಪಾಯಗಾರ. ಬರಿಗಾಲಲ್ಲಿ ಓಡಾಡುತ್ತಿದ್ದ ಸಾಕ್ರಟೀಸನೇ ಇದು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಾಗಿರಬೇಕು.

ಇಲ್ಲಿಂದ ಡಿಯೊಟಿಮಾ ಏಣಿ ಹತ್ತಿಸುತ್ತಾಳೆ. ಒಂದು ಸುಂದರ ದೇಹದಿಂದ ಎಲ್ಲ ದೇಹಗಳಿಗೆ, ಅಲ್ಲಿಂದ ಮನಸ್ಸಿಗೆ, ನಡತೆಗೆ, ಅರಿವಿಗೆ, ಕೊನೆಗೆ ಸೌಂದರ್ಯ ಅನ್ನುವುದಕ್ಕೇ. ಪ್ಲೇಟೋ ಮಾಡಿದ ದೊಡ್ಡ ಬದಲಾವಣೆ ಏನೆಂದರೆ, ನಮ್ಮ ಮೇಲೆ ಬಂದು ಬೀಳುತ್ತಿದ್ದ ಪ್ರೀತಿ ಈಗ ನಾವು ಹತ್ತಬಹುದಾದ ದಾರಿ ಆಯಿತು. ಏಣಿ ತುಂಬಾ ಚೆನ್ನಾಗಿದೆ, ಆದರೆ ಮೆಟ್ಟಿಲು ಆದವರ ಗತಿ? ಈ ಪ್ರಶ್ನೆ ಪ್ಲೇಟೋಗೂ ಬಂದಿತ್ತು ಅಂತ ನನ್ನ ಅಂದಾಜು. ಯಾಕೆಂದರೆ ಭಾಷಣ ಮುಗಿಯುತ್ತಿದ್ದ ಹಾಗೇ ಬಾಗಿಲು ಬಡಿದುಕೊಂಡು ಅಥೆನ್ಸ್‌ನ ಚೆಲುವ ರಾಜಕಾರಣಿ ಆಲ್ಸಿಬಿಯಾಡೀಸ್ ಒಳಗೆ ಬರುತ್ತಾನೆ, ಕುಡಿದು, ತಲೆಗೆ ಹೂವಿನ ಹಾರ ಸುತ್ತಿಕೊಂಡು. ಅವನು ಸೌಂದರ್ಯ ಅನ್ನುವುದರ ಬಗ್ಗೆ ಮಾತೇ ಆಡುವುದಿಲ್ಲ. ಈ ಒಬ್ಬ ಸಾಕ್ರಟೀಸ್ ನನ್ನನ್ನು ಹೇಗೆ ಕಾಡಿದ, ಹೇಗೆ ಒಪ್ಪದೇ ಹೋದ ಅಂತ ಅಳಲು ತೋಡಿಕೊಳ್ಳುತ್ತಾನೆ. ಹಾವು ಕಚ್ಚಿದವನ ಹಾಗಾಗಿದೆ ಅನ್ನುತ್ತಾನೆ. ಆನಾಕ್ರಿಯಾನನ ಕೊಡಲಿ ಮತ್ತೆ ಬಂತು.

ಪ್ಲೇಟೋನ ಶಿಷ್ಯ ಅರಿಸ್ಟಾಟಲ್‌ನಿಗೆ ದೇವರು ಇನ್ನೂ ದೂರ. ತಾನು ಅಲುಗಾಡದೆ ಲೋಕವನ್ನೆಲ್ಲ ಚಲಿಸುವಂತೆ ಮಾಡುವವನು ಅವನ ದೇವರು. ಹೇಗೆ ಚಲಿಸುತ್ತದೆ ಅಂದರೆ, ಪ್ರೀತಿಗೆ ಗುರಿಯಾದದ್ದು ಪ್ರೀತಿಸುವವನನ್ನು ಎಳೆಯುವ ಹಾಗೆ. ನಕ್ಷತ್ರಗಳು ಸುತ್ತುವುದೂ ಒಂದು ಬಗೆಯ ಬಯಕೆಯಿಂದ. ಆ ದೇವರು ಮಾತ್ರ ಯಾರನ್ನೂ ಪ್ರೀತಿಸುವುದಿಲ್ಲ, ತನ್ನ ಯೋಚನೆಯಲ್ಲಿ ತಾನಿದ್ದಾನೆ. ದೇವರ ಜೊತೆ ಸ್ನೇಹ ಸಾಧ್ಯವಿಲ್ಲ, ಅಂತರ ಜಾಸ್ತಿ ಅಂತ ನೀತಿಶಾಸ್ತ್ರದಲ್ಲಿ ನೇರವಾಗಿಯೇ ಹೇಳುತ್ತಾನೆ. ಆಂಕೈಸೀಸ್‌ನ ಗುಡಿಸಲಿಗೆ ಬಂದು ನಾಚಿಕೆಪಟ್ಟು ಹೋದ ದೇವತೆ ಇಲ್ಲಿ ಬರಲು ಸಾಧ್ಯವೇ ಇಲ್ಲ. ನನಗೆ ಅವಳೇ ವಾಸಿ.

ಹೆಲೆನಳ ಕತೆ ಬಾಕಿ ಇದೆ. ಮೆನೆಲಾಸ್ ಅವಳನ್ನು ಕೊಲ್ಲಲಿಲ್ಲ. ಒಡಿಸ್ಸಿಯ ನಾಲ್ಕನೇ ಅಧ್ಯಾಯದಲ್ಲಿ ಇಬ್ಬರೂ ಸ್ಪಾರ್ಟಾದ ಅರಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಅಪ್ಪನನ್ನು ಹುಡುಕಿಕೊಂಡು ಒಡಿಸ್ಯೂಸನ ಮಗ ಬಂದಿದ್ದಾನೆ, ಹಳೆಯದನ್ನು ನೆನೆದು ಎಲ್ಲರೂ ಅತ್ತಿದ್ದಾರೆ. ಹೆಲೆನ್ ಎದ್ದು ದ್ರಾಕ್ಷಾರಸದಲ್ಲಿ ಈಜಿಪ್ಟಿನಿಂದ ತಂದ ಒಂದು ಔಷಧಿ ಬೆರೆಸುತ್ತಾಳೆ, ಅದು ಕುಡಿದವರಿಗೆ ಕಣ್ಣೆದುರು ಮಕ್ಕಳು ಸತ್ತರೂ ಆ ದಿನ ಕಣ್ಣೀರು ಬರುವುದಿಲ್ಲ. ಆಮೇಲೆ ಕತೆ ಹೇಳುತ್ತಾಳೆ. ಟ್ರಾಯ್‌ನಲ್ಲಿ ನನ್ನ ಮನಸ್ಸು ಆಗಲೇ ಮನೆಯ ಕಡೆ ತಿರುಗಿತ್ತು, ಅಫ್ರೊಡೈಟಿ ನನಗೆ ಹಿಡಿಸಿದ ಮರುಳಿಗೆ ನಾನು ಕೊರಗುತ್ತಿದ್ದೆ, ಮಗಳನ್ನು, ರೂಪದಲ್ಲೂ ಬುದ್ಧಿಯಲ್ಲೂ ಕಡಿಮೆಯಿಲ್ಲದ ಗಂಡನನ್ನು ಬಿಟ್ಟುಬಂದೆನಲ್ಲ ಅಂತ.

ಮೆನೆಲಾಸ್ ಚೆನ್ನಾಗಿ ಹೇಳಿದೆ ಅನ್ನುತ್ತಾನೆ. ಆಮೇಲೆ ತನ್ನದೊಂದು ಕತೆ ಹೇಳುತ್ತಾನೆ. ಟ್ರಾಯ್ ಹಿಡಿಯಲು ನಾವೆಲ್ಲ ಮರದ ಕುದುರೆಯ ಹೊಟ್ಟೆಯಲ್ಲಿ ಅಡಗಿ ಕೂತಿದ್ದೆವು. ನೀನು ಬಂದೆ, ಜೊತೆಗೆ ಪ್ಯಾರಿಸನ ತಮ್ಮನೂ ಇದ್ದ. ಕುದುರೆಯ ಸುತ್ತ 3 ಸುತ್ತು ಬಂದು, ಮೈ ತಡವಿ, ಒಳಗಿದ್ದ ಒಬ್ಬೊಬ್ಬರನ್ನೂ ಅವರವರ ಹೆಂಡತಿಯರ ದನಿಯಲ್ಲಿ ಕರೆದೆ. ಒಬ್ಬ ಓಗೊಡಲು ಬಾಯಿ ತೆರೆದಿದ್ದ, ಒಡಿಸ್ಯೂಸ್ ಅವನ ಬಾಯಿ ಅದುಮಿ ಹಿಡಿದು ನಮ್ಮನ್ನೆಲ್ಲ ಉಳಿಸಿದ. ಅವತ್ತು ನಿನ್ನನ್ನು ಅಲ್ಲಿಗೆ ಕರೆತಂದದ್ದು ಯಾವುದೋ ದೇವರಿರಬೇಕು, ಟ್ರಾಯ್‌ನವರಿಗೆ ಕೀರ್ತಿ ಕೊಡಬೇಕೆಂದಿದ್ದ ದೇವರು.

ಹೆಲೆನ್ ಉತ್ತರ ಕೊಡುವುದಿಲ್ಲ. ಅತಿಥಿಗಳಿಗೆ ಹೊರಗಿನ ಮಂಟಪದಲ್ಲಿ ಹಾಸಿಗೆ ಹಾಸಲು ಆಳುಗಳಿಗೆ ಹೇಳುತ್ತಾಳೆ. ಗಂಡ ಹೆಂಡತಿ ಒಳಗೆ ಹೋಗಿ ಮಲಗುತ್ತಾರೆ.